ಒಂದೇ ಎಳೆತಕ್ಕೆ ಬಿಚ್ಚುವ ಗಂಟು

ಆಷಾಢ ಬಂತೆಂದರೆ ಶಾಮಿಯಾನದವರ ಕೈಗೆ ಕೆಲಸವಿಲ್ಲ. ಮದುವೆಯಿಲ್ಲ, ಮುಂಜಿಯಿಲ್ಲ, ಗೃಹಪ್ರವೇಶವಿಲ್ಲ. ಚಾಮರಾಜಪೇಟೆಯ ನಮ್ಮ ಅಂಗಡಿಯಲ್ಲಿ ಸರ್ವೆ ಮರದ ಗಳಗಳು ಗೋಡೆಗೆ ಒರಗಿಕೊಂಡು ತಿಂಗಳಿಡೀ ತೂಕಡಿಸುತ್ತಿದ್ದವು. ಮಡಿಸಿಟ್ಟ ಬಟ್ಟೆಯ ಮೇಲೆ ಅಂಗಡಿಯ ಬೆಕ್ಕು ಮರಿ ಹಾಕಿ, ಹತ್ತಿರ ಹೋದರೆ ನಮ್ಮನ್ನೇ ಗುರಾಯಿಸುತ್ತಿತ್ತು. ಬಟ್ಟೆ ಕಟ್ಟುವವನಿಗೆ ಗಾಳಿಯೇ ಹಗೆ. ಆ ಹಗೆ ಊರಿಗೆ ಇಳಿಯುವ ತಿಂಗಳಲ್ಲೇ ನಮಗೆ ರಜೆ ಸಿಗುವುದು ದೇವರ ದಯೆ ಎಂದು ನಮ್ಮ ಯಜಮಾನರು ಹೇಳುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಅಂಥ ಒಂದು ಆಷಾಢದಲ್ಲಿ, ನಾನು ಹಾಕಿದ ಒಂದು ಗಂಟಿನ ದೆಸೆಯಿಂದ ಇಬ್ಬರು ನೀರುಪಾಲಾಗುವುದರಲ್ಲಿದ್ದರು. ಎರಡು ತಿಂಗಳ ಹಿಂದೆ ಅವರ ಮದುವೆಗೆ ಶಾಮಿಯಾನ ಹಾಕಿದ್ದವನೂ ನಾನೇ. ಯಾರಿಗೂ ಹೇಳುವುದಿಲ್ಲವೆಂದು ಅವರಿಗೆ ಮಾತು ಕೊಟ್ಟಿದ್ದೆ. ಯಾರಿಂದ ಮುಚ್ಚಿಡಬೇಕಿತ್ತೋ ಆ ಹಿರಿಯರು ಈಗ ಇಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಗಂಟಿನ ವಿಷಯ ಹೇಳಬೇಕು. “ಹಾಕ್ದೋನೇ ಬಿಚ್ಚೋಕಾಗ್ಬಾರ್ದು ಕಣೋ, ಅದು ಗಂಟು” ಎಂಬುದು ಯಜಮಾನರ ಪಾಠ. ಆ ಪಾಠದಲ್ಲಿ ನಾನು ಮೊದಲ ದರ್ಜೆಯ ವಿದ್ಯಾರ್ಥಿ. ಹಗ್ಗವನ್ನು ಗಳಕ್ಕೆ ಮೂರು ಸುತ್ತು ಸುತ್ತಿ, ಸುತ್ತಿನ ಕೆಳಗೆ ತೂರಿಸಿ, ಕಾಲು ಕೊಟ್ಟು ಎಳೆದೆನೆಂದರೆ ಅದು ಕಗ್ಗಂಟೇ. ಚಪ್ಪರ ಇಳಿಸುವಾಗ ನಾನು ಹಾಕಿದ ಗಂಟನ್ನು ಯಾರೂ ಬಿಚ್ಚುತ್ತಿರಲಿಲ್ಲ, ಕುಯ್ಯುತ್ತಿದ್ದರು. ಅದಕ್ಕೆಂದೇ ನಮ್ಮೆಲ್ಲರ ಸೊಂಟದಲ್ಲಿ ಬಾಗಿದ ಅಲಗಿನ ಚೂರಿಯೊಂದು ಇರುತ್ತಿತ್ತು. ಆದರೆ ಅದು ಹಗ್ಗಕ್ಕೆ ಮಾತ್ರ. ಬಟ್ಟೆಗೆ ಚೂರಿ ತಾಗಿಸಿದವನ ಕೈ ಮುರಿಯುತ್ತೇನೆ ಎಂದು ಯಜಮಾನರು ಹೆದರಿಸುತ್ತಿದ್ದರು. ಅದಕ್ಕೂ ಒಂದೇ ಒಂದು ವಿನಾಯಿತಿ ಇತ್ತು. ಚಪ್ಪರದ ಒಳಗೆ ಜನ ಇದ್ದು, ಬಿರುಗಾಳಿ ಹೊಕ್ಕು, ಗಳದ ಸಮೇತ ಎತ್ತತೊಡಗಿದರೆ ನೆತ್ತಿಯ ಬಟ್ಟೆಯನ್ನು ಸೀಳಬಹುದು. ಗಾಳಿ ಸೀಳಿನಲ್ಲಿ ಹೊರಟುಹೋಗುತ್ತದೆ, ಗಳ ನಿಲ್ಲುತ್ತದೆ. ಅಂಗಡಿಯಲ್ಲಿ ಯಾರೂ ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ನಾನು ಆಮೇಲೆ ಮೇಷ್ಟ್ರು ಎಂದು ಕರೆಯತೊಡಗಿದವರು ಅಂಗಡಿಗೆ ಬಂದದ್ದು ಆ ಆಷಾಢಕ್ಕೂ ಒಂದೆರಡು ವರ್ಷ ಮೊದಲು, ಒಂದು ಮಧ್ಯಾಹ್ನ, ಸ್ಕೂಟರಿನ ಹಿಂದೆ ಹರಿದ ಬಟ್ಟೆಯ ಸುರುಳಿ ಕಟ್ಟಿಕೊಂಡು. ನೌಕಾಪಡೆಯಿಂದ ನಿವೃತ್ತರಾಗಿ ವೈಯಾಲಿಕಾವಲ್‌ನಲ್ಲಿ ಮನೆ ಮಾಡಿಕೊಂಡಿದ್ದವರು. ಪಕ್ಕದ ಸ್ಯಾಂಕಿ ಕೆರೆಯಲ್ಲಿ ಆಸಕ್ತರಿಗೆ ವಿಂಡ್‌ಸರ್ಫಿಂಗ್ ಹೇಳಿಕೊಡುತ್ತಿದ್ದರು. ಆಳುದ್ದಕ್ಕಿಂತ ಉದ್ದದ ತೇಲುವ ಹಲಗೆ, ಅದರ ನಡುವೆ ಎತ್ತ ಬೇಕಾದರೂ ಬಾಗುವ ಕಂಬ, ಕಂಬಕ್ಕೆ ಮುಕ್ಕೋನದ ಹಾಯಿ, ಹಾಯಿಯ ಎರಡೂ ಬದಿಗೆ ಕೈಯಿಂದ ಹಿಡಿಯಲು ಬಾಗಿದ ಕೊಳವೆ. ಹಲಗೆಯ ಮೇಲೆ ನಿಂತು, ಕೊಳವೆ ಹಿಡಿದು, ಮೈಯನ್ನು ಹಿಂದಕ್ಕೆ ವಾಲಿಸಿ ಗಾಳಿಯನ್ನು ಸವಾರಿ ಮಾಡುವುದು. ಹರಿದ ಹಾಯಿಯನ್ನು ನಾನು ಎರಡೇ ದಿನದಲ್ಲಿ ಹೊಲಿದುಕೊಟ್ಟೆ. ಅವರು ಅದನ್ನು ಅಂಗಡಿಯ ನೆಲದ ಮೇಲೆ ಹಾಸಿ, ಮಂಡಿಯೂರಿ ನೋಡಿದರು.

“ಹೊಲಿಗೆ ಏನೋ ಗಟ್ಟಿಯಾಗಿದೆ ಕಣಯ್ಯ. ಆದ್ರೆ ನೀನು ಚಾಪೆ ಹೊಲ್ದಿದೀಯ. ಹಾಯಿಗೆ ಹೊಟ್ಟೆ ಇರ್ಬೇಕು.”

“ಹೊಟ್ಟೆ ಅಂದ್ರೆ ಸಾರ್?”

“ಭಾನುವಾರ ಬೆಳಿಗ್ಗೆ ಕೆರೆ ಹತ್ರ ಬಾ. ತೋರಿಸ್ತೀನಿ.”

ಹೋದೆ. ಮಂಜು ಇನ್ನೂ ನೀರನ್ನು ಬಿಟ್ಟಿರಲಿಲ್ಲ. ಮಲ್ಲೇಶ್ವರದ ಯಾವುದೋ ಗುಡಿಯ ಗಂಟೆ ನೀರಿನ ಮೇಲೆ ತೇಲಿ ಬರುತ್ತಿತ್ತು. ಮೇಷ್ಟ್ರು ಹಲಗೆಯ ಮೇಲೆ ನಿಂತು, ಹಗ್ಗ ಹಿಡಿದು ಹಾಯಿಯನ್ನು ನೀರಿನಿಂದ ಎತ್ತಿದರು. ಅದು ಪಟಪಟ ಬಡಿದುಕೊಂಡಿತು. ಕೊಳವೆಯನ್ನು ತಮ್ಮತ್ತ ಸ್ವಲ್ಪ ಎಳೆದುಕೊಂಡರು. ಸದ್ದು ನಿಂತುಹೋಯಿತು. ಹಾಯಿ ಉಬ್ಬಿ ಬಿಗಿದು, ಅವರು ಮಾತಿಲ್ಲದೆ ಮಂಜಿನೊಳಕ್ಕೆ ಜಾರಿಹೋದರು. ನನ್ನ ಜೀವಮಾನದಲ್ಲಿ ಬಟ್ಟೆಗೆ ಗಾಳಿ ಸೇರಿತೆಂದರೆ ಗದ್ದಲ, ಓಡು, ಹಿಡಿ, ಬಿಗಿ. ಗಾಳಿ ಸೇರಿದ ಬಟ್ಟೆ ಮೌನವಾಗುವುದನ್ನು ಅಂದೇ ನೋಡಿದ್ದು. ಅವರು ತಿರುಗಿ ಬರುವ ಹೊತ್ತಿಗೆ ನಾನು ಪ್ಯಾಂಟು ಮಡಿಸಿ ಮಂಡಿಯುದ್ದ ನೀರಿಗಿಳಿದಿದ್ದೆ.

ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ವರ್ಷದೊಳಗೆ ನಿಲ್ಲಲು, ತಿರುಗಲು, ಗಾಳಿಗೆ ಎದುರಾಗಿ ಓರೆಯಲ್ಲಿ ಹತ್ತಿ ಬರಲು ಕಲಿತೆ. ಬೀಳುವುದನ್ನಂತೂ ಚೆನ್ನಾಗಿ ಕಲಿತೆ. ಚಿಕ್ಕಪೇಟೆಯ ಗಲ್ಲಿಗಳಲ್ಲಿ ಅಲೆದು ಕೊಡೆಗೆ ಹಾಕುವ ನೀಲಿ ನೈಲಾನ್ ಬಟ್ಟೆ ತಂದೆ. ಮೇಷ್ಟ್ರ ಹಳೆಯ ಹಾಯಿಯೊಂದನ್ನು ಪೂರ್ತಿ ಬಿಚ್ಚಿ ಅಳತೆ ತೆಗೆದೆ. ಪಟ್ಟಿಗಳ ಅಂಚನ್ನು ನೇರವಾಗಿ ಕತ್ತರಿಸದೆ ಚೂರೇ ಚೂರು ಬಾಗಿಸಿ ಕತ್ತರಿಸಿದರೆ, ಜೋಡಿಸಿದಾಗ ತಾನಾಗಿಯೇ ಹೊಟ್ಟೆ ಬರುತ್ತದೆ ಎಂಬ ಗುಟ್ಟು ಆಗ ತಿಳಿಯಿತು. ನಾಲ್ಕು ಸಲ ಹೊಲಿದೆ, ಮೂರು ಸಲ ಬಿಚ್ಚಿದೆ. ಕೊನೆಗೆ ನಿಂತದ್ದು ದೊಡ್ಡ ನೀಲಿ ಹಾಯಿ, ನಡುವೆ ಶಾಮಿಯಾನದ ಹಳದಿ ಪಟ್ಟಿ. ಅದನ್ನು ನೋಡುತ್ತ ಕೂತರೆ ನನಗೆ ಊಟ ಬೇಡವಾಗುತ್ತಿತ್ತು. ಇನ್ನೂ ಮದುವೆಯಾಗದ ನನಗೆ ಇದೇ ಹೆಂಡತಿ ಎಂದು ಅಂಗಡಿಯವರು ಆಡಿಕೊಂಡರು. ಆಡಿಕೊಳ್ಳಲಿ.

ಆ ಆಷಾಢದಲ್ಲಿ ಮೇಷ್ಟ್ರು ಹತ್ತು ದಿನದ ಶಿಬಿರ ಇಟ್ಟುಕೊಂಡರು. ಗಾಳಿ ಬಂದಾಗ ತೂರಿಕೋ ಅನ್ನುತ್ತಾರಲ್ಲ, ಗಾಳಿಯೂ ಇತ್ತು, ನನಗೆ ಬಿಡುವೂ ಇತ್ತು. ಯಜಮಾನರನ್ನು ಕೇಳಿ ನನ್ನನ್ನು ಸಹಾಯಕನಾಗಿ ಕರೆಸಿಕೊಂಡರು. ಕಲಿಯಲು ಬಂದವರು ಎಂಟು ಜನ. ಅವರಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಬಿದ್ದು, ಎಲ್ಲರಿಗಿಂತ ಬೇಗ ಕಲಿತವರು ಬಸವನಗುಡಿಯ ಒಬ್ಬ ಬ್ಯಾಂಕ್ ಉದ್ಯೋಗಿ. ಮೇಡಂ ಎಂದೇ ಎಲ್ಲರೂ ಕರೆಯುತ್ತಿದ್ದೆವು.

ನನ್ನ ಕೆಲಸ ಬೆಳಿಗ್ಗೆ ಆರಕ್ಕೆ ಶುರು. ಹಲಗೆಗಳನ್ನು ಇಳಿಸುವುದು, ಕಂಬದ ಬುಡದ ಕೀಲು ನೋಡುವುದು, ಹಾಯಿಯ ಅಡಿಹಗ್ಗ ಎಳೆದು ಬಿಗಿಯುವುದು. ಗಾಳಿ ಹೆಚ್ಚಾದಷ್ಟೂ ಅಡಿಹಗ್ಗ ಹೆಚ್ಚು ಬಿಗಿಯಬೇಕು, ಆಗ ಹಾಯಿ ಚಪ್ಪಟೆಯಾಗಿ ಕಡಿಮೆ ಗಾಳಿ ತಿನ್ನುತ್ತದೆ. ಗಾಳಿ ಅಳೆಯಲು ಮೇಷ್ಟ್ರು ನನ್ನಿಂದಲೇ ಶಾಮಿಯಾನದ ಕೆಂಪು ಪಟ್ಟಿಯೊಂದನ್ನು ತರಿಸಿ ಬಿದಿರಿಗೆ ಕಟ್ಟಿಸಿದ್ದರು. ಪಟ್ಟಿ ತೂಗಾಡಿದರೆ ಎಲ್ಲರೂ ನೀರಿಗೆ. ಅಡ್ಡಡ್ಡ ನಿಂತರೆ ಮೂವರು ಮಾತ್ರ. ಚಟಪಟ ಸಿಡಿದರೆ ಯಾರೂ ಇಲ್ಲ.

ಕೆರೆ ನಮ್ಮಪ್ಪನದಲ್ಲ ಎಂದು ಮೇಷ್ಟ್ರು ದಿನಕ್ಕೆ ಹತ್ತು ಸಲ ನೆನಪಿಸುತ್ತಿದ್ದರು. ಅಲ್ಲಿ ಪೆಡಲ್ ದೋಣಿಗಳಿದ್ದವು, ದಡದಲ್ಲಿ ವಾಕಿಂಗ್ ಬರುವವರಿದ್ದರು. ನಮ್ಮ ಕಂಬ ಬಿದ್ದರೆ ಗಾಳಿ ಹೋಗುವ ಕಡೆಗೇ ಬೀಳುತ್ತದೆ, ಆದ್ದರಿಂದ ಆ ಕಡೆ ಇರುವವರಿಂದ ಎರಡು ಕಂಬದಷ್ಟು ದೂರ ಇರಬೇಕು. ಗಾಳಿ ಬರುವ ಕಡೆ ಇರುವವನೇ ಗಾಳಿ ಹೋಗುವ ಕಡೆ ಇರುವವನಿಗೆ ದಾರಿ ಬಿಡಬೇಕು. ಹಾಯಿ ಕಣ್ಣಿಗೆ ಅಡ್ಡ ಇರುವುದರಿಂದ ಆಗಾಗ ಬಗ್ಗಿ ಅದರ ಕೆಳಗಿನಿಂದ ಆಚೆ ನೋಡಬೇಕು. ಅಪಾಯ ಕಂಡರೆ ಎರಡೂ ಕೈ ಬಿಟ್ಟುಬಿಡಬೇಕು. ಹಿಡಿಯುವವರಿಲ್ಲದಿದ್ದರೆ ಹಾಯಿ ತಾನಾಗಿ ನೀರಿಗೆ ಬಿದ್ದು ಸುಮ್ಮನಾಗುತ್ತದೆ. ಏನೇ ಆದರೂ ಹಲಗೆ ಬಿಟ್ಟು ಈಜಿಕೊಂಡು ಹೋಗಬಾರದು.

ಮೂರನೆಯ ದಿನ ನಾನೇ ಒಂದು ಹಾಯಿಯನ್ನು ದಡದಲ್ಲಿ ಹಾಗೆಯೇ ಬಿಟ್ಟು ಚಹಾ ಕುಡಿಯಲು ಹೋಗಿದ್ದೆ. ಕಂಬವನ್ನು ಗಾಳಿಯ ಕಡೆಗೆ ಮಾಡಿ ಅದರ ಮೇಲೆ ಹಲಗೆ ಹೇರಿಡಬೇಕಿತ್ತು. ಗಾಳಿ ಅದನ್ನು ಎತ್ತಿ, ಉರುಳಿಸಿಕೊಂಡು ಹೋಗಿ, ಕಡಲೆಕಾಯಿ ಮಾರುವ ಅಜ್ಜಿಯ ಬುಟ್ಟಿಯ ಮೇಲೆ ಕೂರಿಸಿತು. ಅಜ್ಜಿ ನನ್ನ ವಂಶಾವಳಿಯನ್ನೆಲ್ಲ ಜಾಲಾಡಿದಳು. ಮೇಷ್ಟ್ರು ಚೆಲ್ಲಿದ ಕಡಲೆಕಾಯಿಯನ್ನೆಲ್ಲ ನನ್ನಿಂದಲೇ ಹೆಕ್ಕಿಸಿದರು.

ಇಷ್ಟಾದರೂ ನನ್ನ ಬುದ್ಧಿ ನೆಟ್ಟಗಾಗಲಿಲ್ಲ. ಜೋರು ಗಾಳಿಯಲ್ಲಿ ತೋಳು ಬೇಗ ಸೋಲುತ್ತವೆ. ಅದಕ್ಕಾಗಿ ಸೊಂಟಕ್ಕೆ ಕೊಕ್ಕೆಯಿರುವ ಪಟ್ಟಿ ಕಟ್ಟಿಕೊಂಡು, ಕೊಳವೆಯಿಂದ ಇಳಿಬಿದ್ದ ಹಗ್ಗದ ಕುಣಿಕೆಯನ್ನು ಕೊಕ್ಕೆಗೆ ಸಿಕ್ಕಿಸಿಕೊಳ್ಳುತ್ತಾರೆ. ಆಗ ಭಾರ ಹೊರುವುದು ಮೈ, ತೋಳಲ್ಲ. ಸ್ವಲ್ಪ ಮುಂದೆ ಬಾಗಿದರೆ ಕುಣಿಕೆ ಕಳಚಿಕೊಳ್ಳುತ್ತದೆ. ನನಗೆ ಅದೇ ಸರಿಬರಲಿಲ್ಲ. ಹೇಳದೆ ಕೇಳದೆ ಕಳಚಿಕೊಳ್ಳುವುದು ಎಂಥ ಕಟ್ಟು? ಗಳದ ತುದಿ ಹತ್ತಿದಾಗ ಸೊಂಟಕ್ಕೆ ಹಗ್ಗ ಸುತ್ತಿ ಗಳಕ್ಕೆ ಬಿಗಿದುಕೊಳ್ಳುವುದು ನಮ್ಮ ರೂಢಿ, ಆ ಹಗ್ಗವೇ ನಮ್ಮ ಜೀವ. ಹಾಗಾಗಿ ಕುಣಿಕೆ ತೆಗೆದು, ಸೊಂಟದ ಪಟ್ಟಿಯಿಂದ ಕೊಳವೆಗೆ ನೇರವಾಗಿ ನನ್ನ ಗಂಟು ಹಾಕಿಕೊಂಡೆ. ಐದನೆಯ ದಿನ ಮೇಷ್ಟ್ರ ಕಣ್ಣಿಗೆ ಬಿತ್ತು.

“ಏನಯ್ಯ ಇದು?”

“ಕೊಕ್ಕೆ ಜಾರುತ್ತೆ ಸಾರ್. ಇದಾದ್ರೆ ಭದ್ರ.”

“ನೆಲದ ಮೇಲೆ ಭದ್ರ. ನೀರಿನ ಮೇಲೆ ಯಾವ ಗಂಟೇ ಆಗ್ಲಿ, ಒಂದೇ ಕೈ, ಒಂದೇ ಎಳೆತ, ಬಿಚ್ಕೋಬೇಕು. ತೆಗಿ ಅದನ್ನ.”

ತೆಗೆದೆ. ಅವರು ಆ ಕಡೆ ತಿರುಗಿದ ಮೇಲೆ ಮತ್ತೆ ಹಾಕಿಕೊಂಡೆ. ಇಪ್ಪತ್ತು ವರ್ಷ ಸಮುದ್ರ ಕಂಡವರಿಗಿಂತ ಚಾಮರಾಜಪೇಟೆಯ ನನಗೆ ಗಂಟಿನ ವಿಷಯ ಹೆಚ್ಚು ಗೊತ್ತು ಎಂಬ ಜಂಬ. ಇವತ್ತಿಗೂ ಆ ಕ್ಷಣ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎಂಟನೆಯ ದಿನ ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಮಲ್ಲೇಶ್ವರದ ಕಡೆಯಿಂದ ಗಾಳಿ ಎದ್ದಿತು. ಆಷಾಢದ ಗಾಳಿ ಮಾಮೂಲು ಬಿಟ್ಟು ಬಿಟ್ಟು ಬೀಸುತ್ತದೆ. ಅಂದು ಬಿಡಲೇ ಇಲ್ಲ. ದಡದ ಮರಗಳೆಲ್ಲ ಎಲೆಯ ಬಿಳಿ ಬೆನ್ನು ತೋರಿಸಿ ಒಂದೇ ಕಡೆ ವಾಲಿ ನಿಂತವು. ಕೆರೆಯ ತುಂಬ ಬಿಳಿ ನೊರೆ. ಕೆಲವು ಕಡೆ ಗಾಳಿ ನೀರಿನ ಮೇಲ್ಪದರವನ್ನೇ ಹೊಗೆಯ ಹಾಗೆ ಎತ್ತಿಕೊಂಡು ಹೋಗುತ್ತಿತ್ತು. ಕೆಂಪು ಪಟ್ಟಿ ಚಟಚಟ ಸಿಡಿಯಿತು. ಮೇಷ್ಟ್ರು ಎಲ್ಲರ ಹಾಯಿಗಳನ್ನೂ ಸುತ್ತಿಡಿಸಿದರು. ಪೆಡಲ್ ದೋಣಿ ನೋಡಿಕೊಳ್ಳುತ್ತಿದ್ದ ದೋಣಿಯಣ್ಣ ಸೀಟಿ ಊದಿ ದೋಣಿಗಳನ್ನು ವಾಪಸು ಕರೆದ.

ನನಗೆ ಮಾತ್ರ ಕೈ ತುರಿಸುತ್ತಿತ್ತು.

“ಸಾರ್, ನಾನೊಬ್ಬ ಹೋಗಿ ಬರ್ಲಾ? ಇಂಥ ಗಾಳಿ ಮತ್ತೆ ಯಾವಾಗ ಬರುತ್ತೋ.”

ಮೇಷ್ಟ್ರು ನೀರನ್ನೂ ನನ್ನನ್ನೂ ಒಂದು ಗಳಿಗೆ ನೋಡಿದರು. ಅವರಿಗೂ ಒಂದು ಕಾಲದಲ್ಲಿ ಕೈ ತುರಿಸಿತ್ತೆಂದು ಕಾಣುತ್ತದೆ. “ಚಿಕ್ಕ ಹಾಯಿ ಹಾಕ್ಕೊ. ಎರಡೇ ಸುತ್ತು. ಬಂದ್ಬಿಡು” ಎಂದರು. ಆಮೇಲೆ ಸುತ್ತಿಟ್ಟ ಹಾಯಿಗಳನ್ನು ಎಣಿಸಲು ಆ ಕಡೆ ಹೋದರು. ನಾನು ನೀಲಿ ಹಾಯಿಯನ್ನೇ ಎತ್ತಿಕೊಂಡೆ. ಸೊಂಟಕ್ಕೆ ಗಂಟು ಹಾಕಿಕೊಂಡೆ.

ಮುಂದಿನ ಎರಡು ಮೂರು ನಿಮಿಷ ನಾನು ಎಲ್ಲಿದ್ದೆನೋ ಗೊತ್ತಿಲ್ಲ. ಗಾಳಿ ಹಾಯಿಯನ್ನು ಹಿಡಿದುಕೊಂಡಿತು, ನಾನು ಬೆನ್ನು ನೀರಿಗೆ ತಾಗುವಷ್ಟು ಹಿಂದಕ್ಕೆ ವಾಲಿದೆ. ಹಲಗೆ ನೀರನ್ನು ಸೀಳುವುದು ಬಿಟ್ಟು, ಎದ್ದು, ಅದರ ಮೇಲೆಯೇ ಓಡತೊಡಗಿತು. ಕಾಲ ಕೆಳಗೆ ಸಣ್ಣ ನಡುಕ, ಅಷ್ಟೇ. ಸದ್ದೆಲ್ಲ ಹಿಂದೆ ಉಳಿಯಿತು. ನೀಲಿ ಬಟ್ಟೆಯ ಮೂಲಕ ಬಂದ ಬಿಸಿಲು ನನ್ನ ಕೈ, ಎದೆ, ನೀರು ಎಲ್ಲವನ್ನೂ ನೀಲಿ ಮಾಡಿತ್ತು. ನನಗೆ ಹೆಸರಿರಲಿಲ್ಲ, ಅಂಗಡಿಯಿರಲಿಲ್ಲ, ವಯಸ್ಸಿರಲಿಲ್ಲ. ಅಷ್ಟು ಸುಖ ನಾನು ಆಮೇಲೆ ಯಾವತ್ತೂ ಪಟ್ಟಿಲ್ಲ. ಆ ಸುಖದಲ್ಲಿ ಬಗ್ಗಿ ಹಾಯಿಯ ಕೆಳಗಿನಿಂದ ನೋಡುವುದನ್ನು ಮರೆತೆ.

ದಡದಿಂದ ಗಾಳಿಯ ಜೊತೆಗೆ ಒಂದು ಕೂಗು ಬಂತು. ಮೇಡಂ ದನಿ. “ದೋಣಿ! ದೋಣಿ ಇದೆ!”

ಬಗ್ಗಿದೆ. ಕೆರೆಯ ಮೂಲೆಯೊಂದರಲ್ಲಿ, ನೀರಿನ ಮೇಲೆ ಬಾಗಿದ ಮರದ ಮರೆಯಿಂದ ಪೆಡಲ್ ದೋಣಿಯೊಂದು ಗಾಳಿಗೆ ಹೊರಬಂದು ಅಡ್ಡಡ್ಡ ತೇಲುತ್ತಿತ್ತು. ತಗಡಿನ ಚಾವಣಿಯ ಕೆಳಗೆ ಇಬ್ಬರು, ಒಂದು ಗಂಡು, ಒಂದು ಹೆಣ್ಣು. ಅವರಿಗೂ ನನಗೂ ನಡುವೆ ಎರಡು ಕಂಬದಷ್ಟು ಜಾಗವೂ ಇರಲಿಲ್ಲ.

ಎರಡೂ ಕೈ ಬಿಟ್ಟುಬಿಟ್ಟೆ. ಹಾಯಿ ಬಿದ್ದು ಸುಮ್ಮನಾಗಬೇಕಿತ್ತು. ಬೀಳಲಿಲ್ಲ. ಕೈ ಬಿಟ್ಟರೂ ಸೊಂಟದ ಗಂಟು ಹಿಡಿದುಕೊಂಡೇ ಇತ್ತು. ಹಾಯಿ ನನ್ನನ್ನು ಹಲಗೆಯಿಂದ ಕಿತ್ತು, ತನ್ನ ಮೇಲಿಂದ ಎಸೆದು, ತಾನೂ ದೋಣಿಯ ಮೇಲೆ ಒರಗಿತು. ಕಂಬ ಆ ಹೆಣ್ಣುಮಗಳ ತಲೆಯಿಂದ ಒಂದು ಗೇಣು ಆಚೆ ಬಿತ್ತು. ನಾನು ನೀರಿನಿಂದ ತಲೆಯೆತ್ತಿದಾಗ ಕೊಳವೆಯ ತುದಿ ಚಾವಣಿಯ ಕಂಬಿಗೆ ಸಿಕ್ಕಿಹಾಕಿಕೊಂಡಿತ್ತು. ಹಾಯಿಯ ಅಡಿಗೆ ಗಾಳಿ ನುಗ್ಗಿ ಅದನ್ನು ಎತ್ತುತ್ತಿತ್ತು. ಅದರ ಜೊತೆಗೆ ದೋಣಿಯ ಒಂದು ಮಗ್ಗುಲೂ ಏಳುತ್ತಿತ್ತು.

ಗಂಡಸು ಗಾಬರಿಯಿಂದ ಎದ್ದು ನಿಂತ. ಲೈಫ್ ಜಾಕೆಟ್‌ಗಳು ಸೀಟಿನ ಮೇಲೆ ಬಿದ್ದಿದ್ದವು.

“ಕೂತ್ಕೊಳ್ಳಿ! ನಿಲ್ಬೇಡಿ! ಕೆಳಗಡೆ ಕೂತ್ಕೊಳ್ಳಿ ಇಬ್ರೂ!”

“ಅಣ್ಣಾ, ನಮಗೆ ಈಜು ಬರಲ್ಲ!” ಎಂದು ಆಕೆ ಕೂಗಿದಳು.

ಗಂಟಿಗೆ ಕೈ ಹಾಕಿದೆ. ನೆನೆದ ನೈಲಾನ್ ಹಗ್ಗ, ನನ್ನದೇ ಮೂರು ಸುತ್ತು, ಕಲ್ಲಾಗಿತ್ತು. ಸೊಂಟದಿಂದ ಚೂರಿ ಎಳೆದೆ. ಈ ಹಗ್ಗ ಕುಯ್ದರೆ ನಾನು ಬಿಡುಗಡೆ, ಆದರೆ ಗಾಳಿ ನನ್ನನ್ನು ಒಂದು ಕಡೆ, ಹಾಯಿಯನ್ನು ಒಂದು ಕಡೆ ಮಾಡುತ್ತದೆ. ಹಾಯಿ ಅವರ ಮೇಲೆ ಉಳಿಯುತ್ತದೆ. ಮುಂದಿನ ಬೀಸಿಗೆ ದೋಣಿ ಮಗುಚುತ್ತದೆ. ಹಾಯಿಯ ಹತ್ತಿರ ನನ್ನನ್ನು ಹಿಡಿದಿಟ್ಟಿದ್ದದ್ದೇ ಆ ಗಂಟು. ಅದು ಇರಲಿ ಎಂದುಕೊಂಡೆ. ನೀಲಿ ಬಟ್ಟೆ ನನ್ನ ಮುಖದ ಮುಂದೆ ಉಬ್ಬಿ ನಿಂತಿತ್ತು. ಒಂದೊಂದು ಹೊಲಿಗೆಯೂ ನನಗೆ ಪರಿಚಯ. ಅದರ ಹೊಟ್ಟೆಯ ನಡುವೆ, ಹಳದಿ ಪಟ್ಟಿಯ ಪಕ್ಕ, ಚೂರಿ ಇಳಿಸಿ ಎಳೆದೆ.

ಮಿಕ್ಕಿದ್ದನ್ನು ಗಾಳಿಯೇ ಮಾಡಿತು. ಪರ್ರೆಂದು ಕಂಬದಿಂದ ಅಂಚಿನವರೆಗೆ ಹರಿಯಿತು. ಇನ್ನೊಂದು ಸೀಳು ಹಾಕಿದೆ. ಗಾಳಿ ಸೀಳುಗಳ ನಡುವೆ ದಾಟಿಹೋಯಿತು, ಬಟ್ಟೆ ಜೋತುಬಿತ್ತು, ದೋಣಿ ದೊಪ್ಪೆಂದು ಸಮವಾಗಿ ನೀರಿಗೆ ಕೂತಿತು. ಆಮೇಲೆ ನನ್ನ ಹಗ್ಗ ಕುಯ್ದುಕೊಂಡೆ.

ಒಂದು ಕೈಯಲ್ಲಿ ಹಲಗೆ, ಇನ್ನೊಂದು ಕೈಯಲ್ಲಿ ದೋಣಿಯ ಅಂಚು ಹಿಡಿದು ನೇತಾಡುತ್ತ, ಅವರಿಗೆ ಜಾಕೆಟ್ ಹಾಕಿಸಿದೆ. ಅಲೆಗಳು ನಮ್ಮನ್ನು ಕಲ್ಲುಕಟ್ಟಡದ ದಡದ ಕಡೆಗೆ ನೂಕುತ್ತಿದ್ದವು. ಅಲ್ಲಿಗೆ ಬಡಿಯುವ ಮೊದಲೇ ಮೇಷ್ಟ್ರು ಮತ್ತು ದೋಣಿಯಣ್ಣ ಇನ್ನೊಂದು ದೋಣಿಯಲ್ಲಿ ಹುಟ್ಟು ಹಾಕುತ್ತ ಬಂದು ಹಗ್ಗ ಎಸೆದರು. ಮರದ ಮರೆಯ ತಣ್ಣನೆಯ ನೀರಿಗೆ ಎಳೆದುಕೊಂಡು ಹೋದಾಗ, ಇದ್ದಕ್ಕಿದ್ದಂತೆ ಗಾಳಿಯೇ ಇಲ್ಲದ ಹಾಗಾಯಿತು. ಯಾರೋ ಬಾಗಿಲು ಮುಚ್ಚಿದಂತೆ. ಎಲೆಯೊಂದು ನೇರವಾಗಿ ನೀರಿಗೆ ಬಿತ್ತು. ಆಗಲೇ ನಾನು ಅವರ ಮುಖ ಸರಿಯಾಗಿ ನೋಡಿದ್ದು.

“ನಿಮ್ಮನ್ನ ಎಲ್ಲೋ ನೋಡಿದೀನಿ” ಎಂದೆ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆಕೆಯೇ ಹೇಳಿದಳು. “ನಮ್ಮ ಮದುವೆಗೆ ಶಾಮಿಯಾನ ಹಾಕಿದ್ದು ನೀವೇ ಅಲ್ವಾ? ವೈಶಾಖದಲ್ಲಿ. ಚಾಮರಾಜಪೇಟೆ ಐದನೇ ಮೇನ್.”

ಕಥೆ ಇಷ್ಟೇ. ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಹೊಸ್ತಿಲಲ್ಲಿ ಇರಬಾರದು ಎಂದು ಆಕೆಯನ್ನು ಮಲ್ಲೇಶ್ವರದ ತವರಿಗೆ ಕಳಿಸಿದ್ದರು. ತಿಂಗಳು ಮುಗಿಯುವವರೆಗೆ ಅಳಿಯನೂ ಆ ಕಡೆ ತಲೆ ಹಾಕುವಂತಿಲ್ಲ. ಆತ ಮಧ್ಯಾಹ್ನ ಕಚೇರಿಯಿಂದ ಅರ್ಧ ದಿನದ ರಜೆ ಹಾಕಿ ಬರುತ್ತಿದ್ದ, ಆಕೆ ಲೈಬ್ರರಿಗೆಂದು ಹೊರಡುತ್ತಿದ್ದಳು. ದಡದಲ್ಲಿ ಕೂತರೆ ಆಕೆಯ ಸೋದರಮಾವ ವಾಕಿಂಗ್ ಬಂದಾರೆಂಬ ಭಯ. ಆದ್ದರಿಂದ ಮರದ ಮರೆಯ ಆ ಮೂಲೆ. ಸೀಟಿ ಕೇಳಿಸಿತ್ತು, ಇನ್ನೈದು ನಿಮಿಷ ಎಂದು ಕೂತಿದ್ದರು. ಮದುವೆಯಾಗಿ ಎರಡು ತಿಂಗಳಾದವರಿಗೆ ಐದು ನಿಮಿಷದ ಬೆಲೆ ಏನೆಂದು ನನಗೆ ಆಗ ಗೊತ್ತಿರಲಿಲ್ಲ. ಅವರ ಮೇಲೆ ಕೋಪಗೊಳ್ಳಲು ನೋಡಿದೆ, ಆಗಲಿಲ್ಲ.

“ಅಣ್ಣ, ದಮ್ಮಯ್ಯ ಅಂತೀನಿ, ಮನೇಲಿ ಹೇಳ್ಬೇಡಿ” ಎಂದ ಆತ. “ಮುಳುಗಿದ್ರೂ ಪರವಾಗಿರ್ಲಿಲ್ಲ, ನಮ್ಮಮ್ಮಂಗೆ ಗೊತ್ತಾಗ್ಬಾರ್ದು.”

“ನಾನ್ಯಾಕ್ರೀ ಹೇಳ್ಲಿ? ನಿಮ್ಮನ್ನ ಮುಳುಗಿಸೋಕೆ ಹೋಗಿದ್ದೇ ನಾನು” ಎಂದೆ. ಹೇಳುತ್ತಿದ್ದಂತೆ ಅಳು ಬಂತು. ಅವರೆದುರಿಗೇ ಅತ್ತುಬಿಟ್ಟೆ.

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ನನ್ನ ಸೊಂಟದ ಪಟ್ಟಿಯಲ್ಲಿ ಉಳಿದಿದ್ದ ಹಗ್ಗದ ತುಂಡನ್ನು ಹಿಡಿದು, ಗಂಟನ್ನು ಬೆರಳಿನಿಂದ ಕೆದಕಿ ನೋಡಿದರು. ಬರಲಿಲ್ಲ. ಪಟ್ಟಿಯನ್ನೇ ಕಳಚಿ ಆ ಗಂಡಿನ ಕೈಗೆ ಕೊಟ್ಟರು. ಆತ ಉಗುರು ಹಾಕಿದ, ಹಲ್ಲು ಹಾಕಿದ. ಊಹೂಂ.

“ಗಂಟು ಚೆನ್ನಾಗಿದೆ ಕಣಯ್ಯ” ಎಂದರು ಮೇಷ್ಟ್ರು. “ಇಷ್ಟು ಚೆನ್ನಾಗಿರ್ಬಾರ್ದಿತ್ತು.”

ಆಮೇಲೆ ದೋಣಿಯ ಹಗ್ಗವನ್ನು ಮರದ ಕೊಂಬೆಗೆ ಸುತ್ತಿ, ಕೊನೆಯ ಸುತ್ತಿನಲ್ಲಿ ತುದಿಯನ್ನು ಪೂರ್ತಿ ತೂರಿಸದೆ ಮಡಿಸಿ ತೂರಿಸಿದರು. ಪೈಜಾಮದ ಲಾಡಿಗೆ ಹಾಕುವಂಥದ್ದೇ. ನನ್ನಿಂದ ಜಗ್ಗಿಸಿದರು, ನಾನು ಮೈಭಾರ ಬಿಟ್ಟು ಜೋತರೂ ಅದು ಜಾರಲಿಲ್ಲ. ಇಳಿಬಿದ್ದ ತುದಿಯನ್ನು ಆ ಹೆಣ್ಣುಮಗಳ ಕೈಗೆ ಕೊಟ್ಟು, “ಎಳೀಮ್ಮ” ಎಂದರು. ಆಕೆ ಎರಡು ಬೆರಳಲ್ಲಿ ಎಳೆದಳು. ಹಗ್ಗ ಸರಕ್ಕನೆ ನೀರಿಗೆ ಬಿತ್ತು. ಅಷ್ಟು ಭಯದ ನಡುವೆಯೂ ಆಕೆಗೆ ನಗು ಬಂತು. “ಅಯ್ಯೋ, ಇಷ್ಟೇನಾ!” ಎಂದಳು.

ಅವರಿಬ್ಬರೂ ಬೇರೆ ಬೇರೆ ದಾರಿ ಹಿಡಿದು ಹೋದ ಮೇಲೆ ಮೇಷ್ಟ್ರು ನನ್ನ ಪಕ್ಕ ಕೂತರು. “ತಪ್ಪು ನಿನ್ನೊಬ್ಬಂ​ದೇ ಅಲ್ಲ. ಹೋಗು ಅಂದೋನು ನಾನು. ದೋಣಿ ಎಲ್ಲಾ ಬಂದ್ವಾ ಅಂತ ಎಣಿಸ್ಲಿಲ್ಲ. ಸುತ್ತಿಟ್ಟ ಹಾಯಿ ಎಣಿಸ್ತಾ ಇದ್ದೆ.” ಉಳಿದ ಎರಡು ದಿನ ಶಿಬಿರ ನಡೆಯಿತು. ನೀರಿಗಿಳಿಯುವ ಮೊದಲು ಕೆರೆಯ ಮೇಲಿರುವ ಪ್ರತಿಯೊಂದು ದೋಣಿಯನ್ನೂ ಎಣಿಸಿ, ಸಂಖ್ಯೆಯನ್ನು ಗಟ್ಟಿಯಾಗಿ ಕೂಗುವುದು ಅಂದಿನಿಂದ ನನ್ನ ಕೆಲಸವಾಯಿತು.

ಯಜಮಾನರಿಗೆ ಹೇಳದೆ ಇರಲಾಗಲಿಲ್ಲ. ಯಾರು, ಎಲ್ಲಿ ಎಂಬುದನ್ನು ಬಿಟ್ಟು, ಹರಿದ ಹಾಯಿಯನ್ನು ಅವರ ಮುಂದಿಟ್ಟು, “ಬಟ್ಟೆಗೆ ಚೂರಿ ಹಾಕ್ದೆ” ಎಂದೆ. ಕನ್ನಡಕ ಏರಿಸಿ ಸೀಳಿನ ಮೇಲೆ ಬೆರಳಾಡಿಸಿದರು.

“ಒಳಗೆ ಜನ ಇದ್ರೇನೋ?”

“ಇದ್ರು.”

“ಹಂಗಾದ್ರೆ ಸರಿ” ಎಂದು ವೀಳ್ಯದೆಲೆಗೆ ಸುಣ್ಣ ಹಚ್ಚತೊಡಗಿದರು.

ಆ ಹಾಯಿಯನ್ನು ಮತ್ತೆ ಜೋಡಿಸಲು ಮನಸ್ಸು ಬರಲಿಲ್ಲ. ಮೇಷ್ಟ್ರ ಹಳೆಯ ಹಾಯಿಯಲ್ಲೇ ಇನ್ನೂ ಕೆಲವು ವರ್ಷ ಕೆರೆಗೆ ಹೋದೆ, ಕೊಕ್ಕೆ ಹಾಕಿಕೊಂಡು. ನೀಲಿ ಬಟ್ಟೆಯ ದೊಡ್ಡ ತುಂಡುಗಳನ್ನು, ಇಲಿ ಕಡಿದ ಒಂದು ಶಾಮಿಯಾನದ ನೆತ್ತಿಗೆ ತೇಪೆ ಹಾಕಿದೆ. ಶಾಮಿಯಾನದ ಹಗ್ಗಗಳಿಗೂ ಮೇಷ್ಟ್ರ ಗಂಟನ್ನೇ ಹಾಕತೊಡಗಿದೆ. ಚಪ್ಪರ ಇಳಿಸುವುದು ಅರ್ಧ ಗಂಟೆಯ ಕೆಲಸವಾಯಿತು. ಯಜಮಾನರು ಮೊದಮೊದಲು ಮೂಗು ಮುರಿದು, ಆಮೇಲೆ ಸುಮ್ಮನಾದರು.

ಮುಂದಿನ ವರ್ಷ ಚಾಮರಾಜಪೇಟೆ ಐದನೇ ಮೇನಿನ ಅದೇ ಮನೆಯಿಂದ ನಾಮಕರಣಕ್ಕೆ ಶಾಮಿಯಾನ ಬೇಕೆಂದು ಹೇಳಿಕಳಿಸಿದರು. ಆಷಾಢದಿಂದ ಇಲ್ಲಿಗೆ ಎಷ್ಟು ತಿಂಗಳಾಯಿತು ಎಂದು ಲೆಕ್ಕ ಹಾಕುವುದು ನನ್ನ ಕಸುಬಲ್ಲ. ಬೆಕ್ಕನ್ನು ಎಬ್ಬಿಸಿ, ನೀಲಿ ತೇಪೆಯ ಶಾಮಿಯಾನವನ್ನೇ ಬೇಕೆಂದೇ ತೆಗೆದುಕೊಂಡು ಹೋದೆ.

ಬಿಸಿಲು ಏರಿದ ಮೇಲೆ ಆಕೆ ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಬಂದಳು. ನೀಲಿ ತೇಪೆಯಿಂದ ಇಳಿದ ಬೆಳಕು ಮಗುವಿನ ಮುಖದ ಮೇಲೆ ಆಡುತ್ತಿತ್ತು, ಅದು ಕಣ್ಣು ಪಿಳುಕಿಸಿ ಮೇಲೆ ನೋಡುತ್ತಿತ್ತು. ನಾನು ಏಣಿಯ ಪಕ್ಕ ನಿಂತಿದ್ದೆ. ಆಕೆ ನನ್ನನ್ನು ನೋಡಿದಳು, ಬಟ್ಟೆಯನ್ನು ನೋಡಿದಳು, ಗುರುತು ಹಿಡಿದಳು. ಮೆಲ್ಲಗೆ ಮೂಲೆಯ ಗಳದ ಹತ್ತಿರ ಹೋಗಿ, ಇಳಿಬಿದ್ದಿದ್ದ ಹಗ್ಗದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದೇಬಿಟ್ಟಳು.

ಸರಕ್ಕನೆ ಬಿಚ್ಚಿಕೊಂಡಿತು. ಆ ಮೂಲೆಯ ಬಟ್ಟೆ ಗಾಳಿ ತುಂಬಿಕೊಂಡು ಒಮ್ಮೆ ಉಬ್ಬಿ, ನಿಧಾನವಾಗಿ, ಬಹಳ ನಿಧಾನವಾಗಿ, ಕುರ್ಚಿಯಲ್ಲಿ ಕೂತಿದ್ದ ಮೂವರು ಹಿರಿಯರ ಮೇಲೆ ಇಳಿಯಿತು. ಒಳಗಿನಿಂದ ಆಕೆಯ ಗಂಡ ಓಡಿ ಬಂದು, ನನ್ನನ್ನು ಕಂಡು, ಬಾಗಿಲಲ್ಲೇ ನಿಂತುಬಿಟ್ಟ.

“ಕೈ ತಾಗ್ಬಿಡ್ತು ಅತ್ತೆ” ಎಂದಳು ಆಕೆ, ಮಗುವಿನ ಹಿಂದೆ ಮುಖ ಮರೆಮಾಡಿಕೊಂಡು.

ಅತ್ತೆ ನನ್ನ ಕಡೆ ತಿರುಗಿದರು. “ಏನಯ್ಯಾ, ಇಷ್ಟು ವರ್ಷದಿಂದ ಈ ಕೆಲಸ ಮಾಡ್ತೀಯ, ಒಂದು ಗಂಟು ಗಟ್ಟಿಯಾಗಿ ಹಾಕೋಕೆ ಬರಲ್ವಾ ನಿನಗೆ?”

“ಬರುತ್ತಮ್ಮ” ಎಂದೆ. “ಬಿಟ್ಬಿಟ್ಟಿದೀನಿ.”